ಹೆಪ್ಪು

ಕೂಡಿಗೆಯ ಪ್ರಯೋಗಾಲಯದಲ್ಲಿ ಹೆಪ್ಪಿಗೂ ಒಂದು ನಂಬರು.
ನಲವತ್ತೆರಡು ಡಿಗ್ರಿ, ಆರು ತಾಸು, ಅಲುಗಾಡಿಸಬಾರದು;
ಅಷ್ಟರಲ್ಲಿ ಹಾಲು ಮನಸ್ಸು ಗಟ್ಟಿಮಾಡಿಕೊಳ್ಳುತ್ತದೆ.

ನೀಲಿ ಮುಚ್ಚಳದ ಕಪ್ಪು ಒಂದು, ಹಳದಿಯದು ಇನ್ನೊಂದು.
ಒಂದರಲ್ಲಿ ನೆತ್ತರ ಸಕ್ಕರೆಗೆ ಮೂಗುದಾರ ಹಾಕಬಹುದಾದ ಜೀವಾಣು,
ಮತ್ತೊಂದರಲ್ಲಿ ಬರೀ ಮೊಸರು.
ಯಾವುದು ಯಾವುದೋ ನನಗೆ ಗೊತ್ತಿಲ್ಲ,
ಗೊತ್ತಿಲ್ಲದಿರುವುದಕ್ಕೇ ನನಗೆ ಸಂಬಳ.
ಗೊತ್ತಿರುವ ಚೀಟಿ ಮೈಸೂರಿನ ಬೀರುವಿನಲ್ಲಿದೆ.

ಬೆಳಿಗ್ಗೆ ಆರಕ್ಕೆ ಐಸ್ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿದು
ಅಮ್ಮತ್ತಿ, ಒಂಟಿಯಂಗಡಿ, ಆಚೆಗೆ ತೋಟದ ಲೈನ್ ಮನೆ.
ಮುಂದೆ ಆನೆ ಇದೆ ಎಂದು ಫೋನು ಬಂದರೆ
ರಸ್ತೆ ಬದಿ ನಿಂತು ಪೆಟ್ಟಿಗೆಯ ತಾಪ ಬರೆದುಕೊಳ್ಳುತ್ತೇನೆ:
ನಾಲ್ಕು. ಐದು.
ಆನೆ ದಾಟಿತು.
ಆರು.

ಐಯಣ್ಣನವರು ಕ್ಯೂರಿಂಗ್ ಕಾರ್ಖಾನೆಯಲ್ಲಿ ತಕ್ಕಡಿ ಹಿಡಿದವರು;
ಕಪ್ಪನ್ನು ಅಂಗೈಯಲ್ಲಿ ತೂಗಿ,
"ನೂರು ಗ್ರಾಂ ಅಂತೀರಿ, ತೊಂಬತ್ತಾರೇ ಇದೆ" ಅನ್ನುತ್ತಾರೆ.
ಪಂದಿಕರಿಯ ಮೇಲೆ ಇದನ್ನು ತಿನ್ನಬಹುದೇ ಎಂಬ ಪ್ರಶ್ನೆಗೆ
ನಮೂನೆಯಲ್ಲಿ ಜಾಗವಿಲ್ಲ.
ಬೊಳ್ಳಮ್ಮ ಪಾಪುಟ್ಟಿನ ತುಂಡು ಮುಂದಿಟ್ಟು,
"ಇದರಲ್ಲೂ ಹಾಲೇ ಇರೋದು, ಬರಕೋ."

ಚೋಮಿ. ವಯಸ್ಸು ಅವಳಿಗೆ ತಿಳಿಯದು, ನಾನು ಐವತ್ತೆಂದು ಬರೆದೆ.
ಒಂಬತ್ತನೆಯ ಪ್ರಶ್ನೆ: ದಿನಕ್ಕೆ ಎಷ್ಟು ಹಾಲು?
"ಸಾವುಕಾರರ ಹಸು ಮೇಯಿಸಿದ್ದೀನಿ. ವಾಸನೆ ಗೊತ್ತು."
ಮೂರು ತಿಂಗಳ ಸಕ್ಕರೆ ಒಂಬತ್ತೂವರೆ.
ಕರೀಕಾಪಿ, ಬೆಲ್ಲ, ಮತ್ತೆ ಕರೀಕಾಪಿ.
ಪಾಲಿಗೆ ಬಂದದ್ದು ಹಳದಿ ಮುಚ್ಚಳ.

ಕಕ್ಕಡ ಹದಿನೆಂಟು ಯೋಜನೆಯ ಕ್ಯಾಲೆಂಡರಿನಲ್ಲಿ ಇರಲಿಲ್ಲ.
ಬರೆದವರು ಹೊರಗಿನವರು; ಶನಿವಾರಸಂತೆಯ ನಾನೂ ಮರೆತಿದ್ದೆ.
ಆ ದಿನ ಹದಿನೆಂಟು ಬಗೆ ಔಷಧ
ಒಂದೇ ಎಲೆಗೆ ಬಂದು ಇಳಿಯುತ್ತದಂತೆ.
ಸೊಪ್ಪು ಕುದಿಸಿ, ನೇರಳೆ ರಸ ಬಸಿದು,
ಅಕ್ಕಿ, ಬೆಲ್ಲ, ತೆಂಗಿನ ಹಾಲು: ಮನೆಮನೆಯಲ್ಲೂ ಮದ್ದುಪಾಯಸ.
ಮಾರನೆಯ ಬೆಳಿಗ್ಗೆ ಮೂತ್ರದ ಮಾದರಿ.
ನಲವತ್ತೊಂದು ಸೀಸೆ. ನಲವತ್ತೊಂದೂ ಕೆಂಪು.
ಯಂತ್ರ ಕೆಂಪು ದೀಪ ಹೊತ್ತಿಸಿ ತಾನೂ ಸೇರಿಕೊಂಡಿತು.
"ರಕ್ತವೇನಮ್ಮಾ?" ಮೈಸೂರಿನಿಂದ ಡಾಕ್ಟರು.
"ಅಲ್ಲ ಸರ್, ಪಾಯಸ."
ಫೋನಿನಲ್ಲಿ ತುಂಬ ಹೊತ್ತು ಏನೂ ಇಲ್ಲ.
ಆಮೇಲೆ, ಮೆಲ್ಲಗೆ: "ಆ ಸೊಪ್ಪು ಸ್ವಲ್ಪ ಕಳಿಸ್ತೀರಾ?"

ತೋಡಿನ ಪಕ್ಕ ಬಗ್ಗಿ ಕೊಯ್ದು ಕೊಟ್ಟವಳು ಚೋಮಿ.
ಸಂಗ್ರಹಿಸಿದವರು ಎಂಬಲ್ಲಿ ಅವಳ ಹೆಸರು ಬರೆದೆ.
ತಿದ್ದಿ ಬಂದ ಪ್ರತಿಯಲ್ಲಿ: ಸ್ಥಳೀಯ ಮಹಿಳೆ.

ಹನ್ನೆರಡನೆಯ ವಾರ. ಅವಳ ಸಕ್ಕರೆ ಎಂಟು ದಶಾಂಶ ಒಂದು.
ಜೀವಾಣುವಿನಿಂದಲೋ, ಬರೀ ಮೊಸರಿನಿಂದಲೋ,
ಮೊಸರು ಸಿಕ್ಕಿತೆಂದು ಬೆಲ್ಲ ಬಿಟ್ಟದ್ದರಿಂದಲೋ,
ಬೀರು ತೆರೆಯುವ ತನಕ ಯಾರೂ ಹೇಳುವಂತಿಲ್ಲ,
ತೆರೆದ ಮೇಲೂ, ಒಬ್ಬಳ ಲೆಕ್ಕ ಲೆಕ್ಕವಲ್ಲ.

ಲೈನ್ ಮನೆಯ ಜಗಲಿಯುದ್ದಕ್ಕೂ ತೊಳೆದ ಕಪ್ಪುಗಳು,
ಒಂದೊಂದರಲ್ಲೂ ಗಾಂಧಾರಿ ಮೆಣಸಿನ ಮೊಳಕೆ.
"ಎಂಬತ್ತಮೂರು. ಒಂದು ದಿನ ಆನೆ; ನೀನು ಬರಲಿಲ್ಲ."
ನಾಳೆಯಿಂದ ಕಪ್ಪಿಲ್ಲ ಎಂದೆ.
ಗೊತ್ತು ಎಂದಳು. ಒಳಹೋಗಿ
ಅಲ್ಯುಮಿನಿಯಂ ಪಾತ್ರೆ ತಂದು ಮುಂದಿಟ್ಟಳು.
ಬಟವಾಡೆಯ ದಿನ ಅರ್ಧ ಲೀಟರ್ ಪ್ಯಾಕೆಟ್,
ಕೊನೆಯ ಕಪ್ಪಿನಿಂದ ಉಳಿಸಿದ ಒಂದು ಚಮಚ.
ಕಂಬಳಿ ಸುತ್ತಿ, ಒಲೆಯ ಬೂದಿಯ ಪಕ್ಕ, ಒಂದು ರಾತ್ರಿ.

ಉಳಿಕೆಯನ್ನೆಲ್ಲ ನಾಶಪಡಿಸತಕ್ಕದ್ದು, ನಿಯಮ ಇಪ್ಪತ್ತೆರಡು.
ಪೆನ್ನು ತೆಗೆದೆ. ಚೋಮಿ ಚಮಚ ಕೊಟ್ಟಳು.

ಹುಳಿ ಇತ್ತು.
ಎಷ್ಟೆಂದು ಬರೆದುಕೊಳ್ಳಲಿಲ್ಲ.