ಹಾಸಿನ ದಿಕ್ಕು

ಪಾಠಕ್ಕೆ ಮೊದಲು ಸಮಸ್ಯೆ ಕೊಡಿ,
ಉತ್ತರ ನಿಮಗೂ ಗೊತ್ತಿರಬಾರದು
ಎಂದಿದ್ದರು ತರಬೇತಿಯಲ್ಲಿ. ನಕ್ಕಿದ್ದೆ.
ಇಪ್ಪತ್ತೆರಡು ವರ್ಷ ಉತ್ತರ ಗೊತ್ತಿದ್ದೇ
ಸಂಬಳ ತಗೊಂಡವಳು ನಾನು.

ಆದರೂ ಒಂದು ದಿನ, ಬಳ್ಳಾರಿಯ ಬಿಸಿಲು
ಕಿಟಕಿಯ ಸರಳು ಕಾಯಿಸುವ ಹೊತ್ತಿಗೆ,
ಕೌಲ್ ಬಜಾರಿನ ಒಂಬತ್ತನೇ ಕ್ಲಾಸಿನ ನೆಲಕ್ಕೆ
ಹಳೆಯ ಪೇಪರು ಅಂಟಿಸಿ ಉದ್ದಕ್ಕೆ ಹಾಸಿದೆ.
ಇದು ಜೀನ್ಸ್ ಬಟ್ಟೆ ಅಂತ ತಿಳಕೊಳ್ಳಿ.
ಮುಂದಿನ ಕಾಲು ಎರಡು, ಹಿಂದಿನವು ಎರಡು,
ಸೊಂಟಪಟ್ಟಿ, ಜೇಬು.
ವೇಸ್ಟು ಕಡಿಮೆ ಆಗುವ ಹಾಗೆ ಜೋಡಿಸಿ.
ಎಷ್ಟು ಕಡಿಮೆ? ನನಗೂ ಗೊತ್ತಿಲ್ಲ.

ನನಗೂ ಗೊತ್ತಿಲ್ಲ ಎಂದದ್ದೇ
ಕೊನೆಯ ಬೆಂಚಿನ ಎರ್ರಿಸ್ವಾಮಿ
ಗಡಿಯಾರದಿಂದ ಕಣ್ಣು ಕಿತ್ತು
ಮೊದಲ ಸಲ ನನ್ನನ್ನು ನೋಡಿದ.

ಶಾಲೆಯ ಟ್ಯಾಬಿಗೆ ಕೇಳಿದರು. ಕೇಳದೆ ಬಿಟ್ಟಾರೆಯೇ?
ಸಾಸಿವೆ ಸಿಡಿಯುವಷ್ಟರಲ್ಲಿ ಬಂತು ಉತ್ತರ:
ಚಿತ್ರ, ಅಳತೆ,
ನನ್ನದಕ್ಕಿಂತ ಸ್ವಚ್ಛ ಕನ್ನಡ,
ಉಳಿಯುವ ಚೂರು ನೂರಕ್ಕೆ ಒಂಬತ್ತು.
ಬೆಲ್ಲಿಗೆ ಇನ್ನೂ ಮೂವತ್ತು ನಿಮಿಷ.
ಇನ್ನು ನನಗುಳಿದದ್ದು ಹಾಜರಿ ಕರೆಯುವುದೊಂದೇ ಎಂದು
ಸೀಮೆಸುಣ್ಣದ ಡಬ್ಬಿ ಮುಚ್ಚಿದೆ.

"ಇದು ಆಗಂಗಿಲ್ಲ ಟೀಚರ್."

ಶಮೀಮ್‌ಬಾನು. ಮಾತಾಡುವ ಹುಡುಗಿಯಲ್ಲ.
ರಾತ್ರಿ ಅಮ್ಮನ ಪಕ್ಕ ಕೂತು
ಹೊಲಿಗೆಯ ದಾರ ಕತ್ತರಿಸುತ್ತಾಳೆ,
ಡಜನ್ನಿಗೆ ಇಷ್ಟು ಅಂತ. ಬೆರಳ ತುದಿ ನೀಲಿ.
ಕಳೆದ ಪರೀಕ್ಷೆಯಲ್ಲಿ ನಾನು ಕೊಟ್ಟದ್ದು ಇಪ್ಪತ್ತೆಂಟು.

"ನೋಡ್ರೀ, ಒಂದು ಕಾಲನ್ನ ಅಡ್ಡ ಮಲಗಿಸೈತೆ ಇದು.
ಬಟ್ಟೆಗೊಂದು ದಿಕ್ಕು ಐತೆ.
ಹಾಸಿನ ಗುಂಟ ಕೊಯ್ಬೇಕು.
ಅಡ್ಡ ಕೊಯ್ದ್ರೆ ಹೊಲಿಯೋವಾಗ ಗೊತ್ತಾಗಂಗಿಲ್ಲ,
ವಾಷಿಂಗಿಗೆ ಹೋಗಿ ಬರ್ತದಲ್ಲ, ಆವಾಗ ನೋಡ್ಬೇಕು,
ಹಿಂಡಿದ ಟವಲಿನಂಗೆ ತಿರುಚ್ಕೊಂಡಿರ್ತದೆ ಕಾಲು."

ಹಾಸುಹೊಕ್ಕು, ಹಾಸುಹೊಕ್ಕು ಎಂದು
ಎಷ್ಟು ಭಾಷಣದಲ್ಲಿ ಬಳಸಿದ್ದೇನೆ ಆ ಮಾತು!
ಹಾಸು ಯಾವುದು, ಹೊಕ್ಕು ಯಾವುದು
ತನ್ನ ವೇಲಿನ ಅಂಚು ಎಳೆದೆಳೆದು
ನನಗೆ ತೋರಿಸಿದಳು.

ಟ್ಯಾಬಿಗೆ ಹೇಳಿದೆವು.
ಕ್ಷಮಿಸಿ, ನೀವು ಹೇಳಿದ್ದು ಸರಿ, ಎಂದಿತು;
ಹೊಸ ಚಿತ್ರ. ನೂರಕ್ಕೆ ಹದಿನಾಲ್ಕು.
ಅದರದೇನೂ ತಪ್ಪಿಲ್ಲ, ಪಾಪ.
ದಿಕ್ಕಿನ ಮಾತು ನಾವು ಎತ್ತಿರಲೇ ಇಲ್ಲ.
ಎತ್ತಲು ನನಗೆ ತಿಳಿದಿರಲಿಲ್ಲ.
ತಿಳಿದವಳು ಮೂರನೇ ಸಾಲಿನಲ್ಲಿ
ಜೂನ್‌ನಿಂದ ಕೂತಿದ್ದಳು.

ಆಮೇಲೆ ಮೂರು ದಿನ ಯಾರೂ ಬೆಂಚಿನ ಮೇಲಿರಲಿಲ್ಲ.
ಮಂಡಿಯೂರಿ, ಅಂಟು ಮೆತ್ತಿಕೊಂಡು, ಜಗಳಾಡಿ,
ಟ್ಯಾಬನ್ನು ಬೈದು, ಮತ್ತೆ ಅದನ್ನೇ ಕೇಳಿ,
ದೊಡ್ಡ ಪ್ಯಾಂಟಿನ ಕಾಲುಗಳ ನಡುವಿನ ಸಂದಿಯಲ್ಲಿ
ಮಗುವಿನ ಪ್ಯಾಂಟೊಂದನ್ನು ಮಲಗಿಸಿದರು.
ಹನ್ನೊಂದೂವರೆ!
ಪಕ್ಕದ ಕ್ಲಾಸಿನವರು ಬಾಗಿಲಿಗೆ ಬಂದರು, ಏನಾಯಿತೆಂದು.

ಎರ್ರಿಸ್ವಾಮಿ ಮಾತ್ರ ಕೂಗಲಿಲ್ಲ.
"ಆ ಚೂರುಗಳನ್ನ ನಮ್ಮಪ್ಪ ಬಾಯ್ಲರಿಗೆ ಹಾಕ್ತಾನೆ ಟೀಚರ್,
ಬಟ್ಟೆ ತೊಳೆಯೋ ನೀರು ಕಾಯಿಸೋಕೆ.
ಚೂರು ಕಡಿಮೆ ಆದ್ರೆ
ಬೆಂಕಿಗೆ ಏನು ಹಾಕ್ಬೇಕು?"

ಟ್ಯಾಬು ಏಳು ಅಂಶ ಕೊಟ್ಟಿತು.
ಅವನು ಏಳನ್ನೂ ಬರೆದುಕೊಂಡ, ಅಚ್ಚುಕಟ್ಟಾಗಿ,
ಅಪ್ಪನಿಗೆ ಓದಿ ಹೇಳ್ತೀನಿ ಎಂದ.
ಮರುದಿನ ನಾಲ್ಕಕ್ಕೆ ಕಾಟು ಹಾಕಿಕೊಂಡು ಬಂದ.
ಐದನೆಯದಕ್ಕೆ ಅಪ್ಪ ಸುಮ್ಮನೆ ಬೀಡಿ ಹಚ್ಚಿದನಂತೆ.
ಅದು ಸರಿ ಅಂತಲೋ ತಪ್ಪು ಅಂತಲೋ,
ಇವತ್ತು ಮತ್ತೆ ಕೇಳಬೇಕು.

ದಾಖಲೆಯಲ್ಲಿ ‘ಕಲಿಕಾ ಫಲ’ ಎಂಬ ಕಾಲಂ ಇದೆ.
ವಿಸ್ತೀರ್ಣ, ಎಂದು ಬರೆದು ಸಹಿ ಹಾಕಿದ್ದೇನೆ.

ಎರ್ರಿಸ್ವಾಮಿಯ ಪ್ರಶ್ನೆ ಬೋರ್ಡಿನ ನಡುವೆಯೇ ಇದೆ.
ಕೆಳಗೆ ಯಾರೋ ‘ಅಳಿಸಬೇಡಿ’ ಎಂದು ಗೆರೆ ಎಳೆದಿದ್ದಾರೆ.
ವಿಜ್ಞಾನದ ಮೇಷ್ಟ್ರು ಒಂದು ವಾರದಿಂದ
ಅದರ ಪಕ್ಕದಲ್ಲಿ, ಉಳಿದ ಜಾಗದಲ್ಲಿ,
ಹೃದಯದ ಚಿತ್ರವನ್ನು ಚಿಕ್ಕದಾಗಿ ಬರೆಯುತ್ತಿದ್ದಾರೆ.