ಕಾರ್ಡಿನ ಹಿಂಬದಿ

ಮಳವಳ್ಳಿ ಸಿವಿಲ್ ಕೋರ್ಟಿನಲ್ಲಿ ನಾನು ಬೆಂಚ್ ಕ್ಲರ್ಕು.
ಇಪ್ಪತ್ತೆಂಟು ವರ್ಷದಿಂದ ನನ್ನ ಬಾಯಿ
ಬೇರೆಯವರ ಬಾಯಿಗೆ ದೇವರನ್ನು ತುತ್ತು ಮಾಡಿ ಇಡುತ್ತಿದೆ:
‘ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ…’
ನುಂಗುತ್ತಾರೆ. ಕೆಲವರು ಅಗಿಯುವುದೂ ಇಲ್ಲ.

ಆ ಮಂಗಳವಾರ ತೂಬಿನ ಸರದಿಯ ದಾವಾ.
ಒಬ್ಬನ ಕಬ್ಬಿಗೆ ಹೊರಟ ನೀರು
ರಾತ್ರಿ ಇನ್ನೊಬ್ಬನ ಗುದ್ದಲಿಗೆ ಹೆದರಿ ದಾರಿ ಬದಲಿಸಿತ್ತು.
ವಾದಿಯ ಎರಡನೇ ಸಾಕ್ಷಿ, ಹಲಗೂರು ಕಡೆಯ ಸಣ್ಣತಾಯಮ್ಮ:
ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ತಾಯತ,
ಕಟಕಟೆ ಹತ್ತುವ ಮೊದಲು ಮೆಟ್ಟು ಬಿಟ್ಟು ಬಂದಳು.
ನನ್ನ ಸಾಲು ನಾನು ಹೇಳಿದೆ.
‘ಯಾವ್ ದ್ಯಾವ್ರು ಬುದ್ಧಿ?’ ಅಂದಳು.

ಕೋರ್ಟು ನಕ್ಕಿತು.
ನಿಜಕ್ಕೂ, ಯಾವುದು? ಕಾಯಿದೆ ಹೆಸರು ಬರೆದಿಲ್ಲ.
ಗೋಡೆಯಲ್ಲೊಂದು ದೀಪದ ಗೂಡು ಬಿಟ್ಟಿದೆ;
ಯಾರ ಎಣ್ಣೆ, ಯಾರ ಬತ್ತಿ, ಕೇಳಿಲ್ಲ.

‘ನಿಮ್ಮ ದೇವರೇ, ತಾಯಿ’ ಅಂದೆ.
‘ನಮ್ ದ್ಯಾವ್ರು ಆವತ್ ರಾತ್ರಿ ಗದ್ದೆ ತಾವ ಇರ್ನಿಲ್ಲ ಕಣಪ್ಪ.
ನೀರ್ ತಿರುಗ್ಸದ ನೋಡ್ದೋಳು ನಾನು.
ನನ್ ಮಾತ್ಗೆ ಅವನ್ನ್ಯಾಕೆ ಜಾಮೀನ್ ನಿಲ್ಲುಸ್ಲಿ?’

ಎದುರು ವಕೀಲರು ಮುದ್ದುಮಲ್ಲಪ್ಪ ಎದ್ದರು.
ಕೋಟಿನ ಮೊಣಕೈ ಸವೆದು ಮಿಂಚುತ್ತಿತ್ತು.
‘ಸ್ವಾಮಿ, ಭಯವಿಲ್ಲದ ನಾಲಿಗೆ ಬದುವಿಲ್ಲದ ಗದ್ದೆ.
ನಮ್ಮಜ್ಜಂದಿರು ಕರ್ಪೂರ ಆರಿಸಿ ವ್ಯಾಜ್ಯ ಮುಗಿಸುತ್ತಿದ್ದರು,
ಒಂದು ಛಾಪಾ ಕಾಗದ ಸವೆಯದೆ.
ಈ ಕಾಯಿದೆ ಎಲ್ಲ ಆ ಗೋಡೆಗೆ ನಿನ್ನೆ ಬಳಿದ ಸುಣ್ಣ.’
ತಪ್ಪು ಅನ್ನಲಾರೆ. ನಾನೂ ಸೋಮವಾರ ಒಪ್ಪೊತ್ತು ಇರುವವನು.
ಆದರೆ ಅವರ ಕಕ್ಷಿದಾರ ಹಿಂದಿನ ಬೆಂಚಲ್ಲಿ ಕೂತಿದ್ದ,
ಅಫಿಡವಿಟ್ಟಿನಲ್ಲಿ ಅದೇ ದೇವರ ಮೇಲೆ ಹೆಬ್ಬೆಟ್ಟೊತ್ತಿ,
ಬೆರಳಿನ ಶಾಯಿ ಪಂಚೆಗೆ ಒರೆಸಿಕೊಂಡು.

ಜಡ್ಜಮ್ಮ ಹೊಸಬರು. ‘ಕಾರ್ಡು ತಿರುಗಿಸಿ’ ಅಂದರು.

ಮುಂಬದಿ ತುಂಬ ಜಿಡ್ಡು, ಬೆವರು, ನನ್ನ ಹೆಬ್ಬೆರಳ ಕಲೆ.
ಹಿಂಬದಿ, ಮಡಿಕೆ ಬಿಚ್ಚಿ ಉಟ್ಟೇ ಇಲ್ಲದ ಪಂಚೆ:
‘ಸತ್ಯವನ್ನೇ ಹೇಳುತ್ತೇನೆಂದು ನಾನು ದೃಢವಾಗಿ ಘೋಷಿಸುತ್ತೇನೆ.’
ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ.
ಎರಡು ಕಡೆ ತೊದಲಿದೆ. ಅವಳು ತೊದಲಲಿಲ್ಲ.
‘ನಾನು’ ಎಂಬಲ್ಲಿ ಎದೆ ಮುಟ್ಟಿಕೊಂಡಳು,
ತಾಯತ ಬಿಟ್ಟು, ಅದರ ಪಕ್ಕಕ್ಕೆ.

ಪ್ರಮಾಣ ಅಂದರೆ ಆಣೆ; ಅಳತೆಯೂ ಹೌದು.
ಆಲೆಮನೆಯಲ್ಲಿ ಸುಣ್ಣದ ಪ್ರಮಾಣ ಮೀರಿದರೆ
ಬೆಲ್ಲ ಕಪ್ಪಾಗುತ್ತದೆ, ಯಾವ ದೇವರ ಕಬ್ಬಾದರೂ.

ಮಗಳು ಮೈಸೂರಲ್ಲಿ ಲಾ ಓದುತ್ತಾಳೆ.
ಭಾನುವಾರ ಬಂದರೆ ಗೈಡು ತೆರೆದು
‘ಉದಾರವಾದ’ ಅಂತ ಗಟ್ಟಿ ಮಾಡುತ್ತಾಳೆ.
ನಮ್ಮಲ್ಲಿ ಉದಾರಿ ಅಂದರೆ ಮಠಕ್ಕೆ ಅಕ್ಕಿ ಕೊಟ್ಟು
ಹೆಸರು ಕಲ್ಲಲ್ಲಿ ಕೆತ್ತಿಸಿಕೊಂಡವನು.
‘ಇದು ಏನು ಕೊಡುತ್ತೆ?’
‘ಏನೂ ಕೊಡಲ್ಲಪ್ಪ. ಯಾರಿಗೆ ಕೈ ಮುಗೀತೀಯ ಅಂತ
ಕೇಳಲ್ಲ, ಅಷ್ಟೆ.’
ಇಷ್ಟು ಬಡ ಔದಾರ್ಯ ಯಾರಿಗೆ ಬೇಕು ಅಂತ ನಕ್ಕಿದ್ದೆ.
ಖಾಲಿ ಗೂಡಿಗೆ ಬಾವಲಿ ಸೇರುತ್ತೆ, ಅಂತಲೂ.
ಅವಳು ತಲೆ ಎತ್ತದೆ: ‘ತುಂಬಿದ ಗೂಡಿಗೆ ಸೇರಿಲ್ವ?’

ಪಾಟೀಸವಾಲು ಎರಡು ಗಂಟೆ. ಮುದುಕಿ ಬಗ್ಗಲಿಲ್ಲ,
ಒಂದೆರಡು ತಾರೀಖು ಮಾತ್ರ ತಪ್ಪು ಹೇಳಿದಳು.
ಕೇಸು ವಾಯಿದೆಗೆ ಹೋಯಿತು, ನೀರು ಎಲ್ಲಿಗೋ ಹೋಗುತ್ತಿದೆ.
ಮೆಟ್ಟು ಹಾಕಿಕೊಳ್ಳುತ್ತ ನನ್ನ ಕೇಳಿದಳು,
‘ಈಸ್ವರನ್ ಗುಡಿ ಯಾವ್ ಕಡೀಕೆ?
ಕೇಸಿನ್ ಮಾತ್ ಎತ್ತಕಿಲ್ಲ, ಸುಮ್ಕೆ ನೋಡ್ಕಂಡ್ ಬತ್ತೀನಿ.’

ಅಂದಿನಿಂದ ಪ್ರತಿ ಸಾಕ್ಷಿಯನ್ನೂ ಕೇಳುತ್ತೇನೆ:
‘ಎರಡು ಕಡೆ ಇದೆ. ಯಾವುದು ಓದಲಿ?’
ಗಾಬರಿಯಾಗುತ್ತಾರೆ. ವಕೀಲರ ಮುಖ ನೋಡುತ್ತಾರೆ.
‘ಮಾಮೂಲಿದೇ ಓದಿ ಸಾರ್,
ಬಸ್ಸಿಗೆ ಹೊತ್ತಾಯ್ತು.’