ಆರನೆಯ ವಿಷಯ: ಉಪ್ಪು

ಏಳು ಗಂಟೆ ಹದಿನೆಂಟು ನಿಮಿಷಕ್ಕೆ
ವರ್ನಾ ಕೀಪಿಂಗ್ ಎದ್ದಳು.
‘ಟೆಂಡರು ಹಾಕಿದವನು ನನ್ನ ತಮ್ಮ,’ ಅಂದಳು.
ಎಲ್ಲರಿಗೂ ಗೊತ್ತಿದ್ದದ್ದನ್ನು ಎಲ್ಲರಿಗೂ ತಿಳಿಸಿ
ಕುರ್ಚಿ ಸರಿಸಿ ಹೊರಗೆ ಹೋದಳು.
ಬರೆದುಕೊಂಡೆ. ಅದು ನನ್ನ ಕೆಲಸ:
ಯಾರು ಹೋದರು, ಎಷ್ಟು ಹೊತ್ತಿಗೆ,
ಬಾಗಿಲು ಹಾಕಿತ್ತೆ ಇಲ್ಲವೆ.

ಹಾಕಿತ್ತು. ಆದರೆ ಅದು ಗಾಜಿನ ಬಾಗಿಲು.
ಆಚೆ, ಕೋಟು ತೂಗುಹಾಕುವ ಗೂಟಗಳ ಕೆಳಗೆ
ಅವಳು ಕಾಣುತ್ತಿದ್ದಳು,
ಓರೆಯಾದ ಹಳೆಯ ಮೇಯರುಗಳ ಪಟಗಳನ್ನು
ಒಂದೊಂದಾಗಿ ನೆಟ್ಟಗೆ ಮಾಡುತ್ತ.

ನ್ಯೂಫೌಂಡ್‌ಲ್ಯಾಂಡಿನ ಅಂಚಿನಲ್ಲಿ
ಕಡಲಿಗೆ ಬೆನ್ನು ಕೊಟ್ಟು ಕೂತ ಊರು, ಲ್ಯಾಂಬ್ಸ್ ಕೋವ್.
ಒಟ್ಟು ಆರುನೂರ ಹನ್ನೊಂದು ಜನ.
ನೆಂಟರಲ್ಲದವರನ್ನು ಹುಡುಕಹೊರಟರೆ
ಗೋರಿಗಳ ನಡುವೆಯೂ ಸಿಗುವುದು ಕಷ್ಟ.
ಕಾನೂನು ಅಣ್ಣತಮ್ಮಂದಿರನ್ನು ಎಣಿಸುತ್ತದೆ,
ಗಂಡ, ಹೆಂಡತಿ, ಮಕ್ಕಳು, ಅತ್ತೆ, ಮಾವ.
ಮೇಯರ್ ಸಿರಿಲ್ ಹೈನ್ಸ್‌ನ ಸೊಂಟ ಮುರಿದ ರಾತ್ರಿ
ಹಿಮಗಾಳಿಯಲ್ಲಿ ಇನ್ನೂರು ಕಿಲೋಮೀಟರು
ಆಸ್ಪತ್ರೆಗೆ ಗಾಡಿ ಓಡಿಸಿದವನು
ಇದೇ ಆಸ್ಟಿನ್ ಕೀಪಿಂಗ್.
ಆ ರಾತ್ರಿಗೆ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ಮುನ್ನೂರು ಟನ್ ಉಪ್ಪು, ಬೆಟ್ಟದ ರಸ್ತೆಗೆ, ಹಿಮ ಕರಗುವವರೆಗೆ.
ಸೇಂಟ್ ಜಾನ್ಸ್‌ನ ಕಂಪನಿಯ ದರ
ಸಾವಿರದ ನಾನೂರು ಡಾಲರು ಕಡಿಮೆ.
‘ಬೆಳಗಿನ ಜಾವ ಮೂರಕ್ಕೆ ಕಂಪನಿ ಏಳುತ್ತದಾ?’
ಜೆರಾರ್ಡ್ ಸ್ಟಕ್‌ಲೆಸ್ ಕೇಳಿದ. ಯಾರೂ ಉತ್ತರಿಸಲಿಲ್ಲ.
ಉಪ್ಪುಂಡ ಮನೆಗೆ ಎರಡು ಬಗೆಯಬೇಡ, ಅನ್ನುತ್ತದೆ ಒಂದು ಮಾತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಇನ್ನೊಂದು.
ಎರಡೂ ಒಂದೇ ಭರಣಿಯವು.
ಗಾಜಿನಾಚೆ ವರ್ನಾ
ನಲ್ಲಿ ತಿರುಗಿಸಿ ಲೋಟ ತುಂಬಿಸುತ್ತಿದ್ದಳು.

ಹೇಳಬೇಕಾದದ್ದು ಅವಳ ಕೈಗವಸಿನ ಮಾತು.
ಖಾಲಿ ಕುರ್ಚಿಯೆದುರು, ಮೇಜಿನ ಮೇಲೆ ಬಿಟ್ಟುಹೋಗಿದ್ದಳು,
ಕೆಂಪು ಉಣ್ಣೆಯವು, ಆಸ್ಟಿನ್ನನ ಹೆಂಡತಿ ಹೆಣೆದವು.
ಅಂಥದೇ ಜೋಡಿ ಮೇಯರನ ಜೇಬಿನಲ್ಲಿದೆ,
ಜೆರಾರ್ಡನ ಗಾಡಿಯಲ್ಲಿದೆ.
ಪ್ರತಿ ಕ್ರಿಸ್‌ಮಸ್ಸಿಗೂ ಆಕೆ ಅರ್ಧ ಊರಿನ ಕೈ ಬೆಚ್ಚಗೆ ಮಾಡುತ್ತಾಳೆ;
ಆ ಮಾತಿಗೆ ಬೇರೆ ಅರ್ಥವೂ ಉಂಟೆಂದರೆ
ಸೂಜಿ ಕೆಳಗಿಟ್ಟು ಅತ್ತುಬಿಟ್ಟಾಳು.
ಮತಕ್ಕೆ ಮುಂಚೆ ಎಲ್ಲರ ಕಣ್ಣೂ
ಒಮ್ಮೆ ಆ ಗವಸುಗಳ ಮೇಲೆ ಹೋಗಿ ಬಂತು.
ನಾಲ್ಕು ಕೈ ಮೇಲೆ, ಎರಡು ಕೆಳಗೆ.
ಏಳು ಇಪ್ಪತ್ತೈದಕ್ಕೆ ವರ್ನಾ ಒಳಬಂದಳು.
ಗವಸಿನ ವಿಷಯ ನಾನು ಬರೆಯಲಿಲ್ಲ.

ಫೆಬ್ರವರಿಯಲ್ಲಿ ಸಹಿಯಿಲ್ಲದೊಂದು ದೂರು ಹೋಯಿತು.
ತನಿಖೆಗೆ ನೊರೀನ್ ಟಿಬ್ಬೊ ಬಂದಳು,
ಬೂಟಿನ ಹಿಮ ಕೊಡವಿ, ನಮ್ಮ ಚಹಾ ಬೇಡವೆಂದು,
ಬಿಸ್ಕತ್ತಿನ ತಟ್ಟೆಯನ್ನು ಬೆರಳ ತುದಿಯಿಂದ ದೂರ ಸರಿಸಿ
ತನ್ನದೇ ಫ್ಲಾಸ್ಕಿನ ಮುಚ್ಚಳ ಬಿಚ್ಚಿದಳು.
‘ಹೊರಗಿನಿಂದ ಆಕೆ ಸನ್ನೆ ಮಾಡಿದಳೆ?’
‘ಇಲ್ಲ.’
‘ಬೇರೇನಾದರೂ ಇದೆಯೆ?’
ಅಲ್ಲಿ ತಡೆದೆ.
ನಾಲಿಗೆಗೆ ಬಂದದ್ದು ಗವಸಲ್ಲ.
‘ಲಕೋಟೆ ಒಡೆದವಳು ನಾನು,’ ಅಂದೆ,
‘ದರ ಓದಿ ಹೇಳಿದವಳು ನಾನು.
ಆಸ್ಟಿನ್ನನ ಎರಡನೆಯ ಲಾರಿ ಓಡಿಸುವವನು ನನ್ನ ಮಗ.’
ಟಿಬ್ಬೊ ಹಾಳೆ ತಿರುವಿದಳು. ಮತ್ತೆ ತಿರುವಿದಳು.
‘ಇದು ಸದಸ್ಯರ ಫಾರಮ್ಮು. ಗುಮಾಸ್ತರಿಗೆ ಜಾಗ ಇಲ್ಲ.’
‘ಅಂಚಿನಲ್ಲಿ ಬರೆಯಿರಿ.’
ಬರೆದಳು,
ಪೆನ್ಸಿಲ್ಲಿನಲ್ಲಿ.

ಆ ರಾತ್ರಿ ಬೆಟ್ಟ ಇಳಿಯುವಾಗ
ಚಕ್ರದಡಿ ಉಪ್ಪು ಕರಕರ ಅನ್ನುತ್ತಿತ್ತು.
ಗಾಡಿ ಜಾರಲಿಲ್ಲ.
ತಿರುವಿನಲ್ಲಿ ಎದುರಿಗೆ ಲಾರಿಯ ಹಳದಿ ದೀಪ.
ಕ್ಲೇಟನ್ ಸ್ಟೀರಿಂಗಿನಿಂದ ಒಂದು ಕೈ ಎತ್ತಿದ.
ನಾನೂ ಎತ್ತಿದೆ.
ಪರವೋ ವಿರೋಧವೋ ಎಂದು ಎಣಿಸಿಕೊಳ್ಳಲು
ಅಲ್ಲಿ ಯಾರೂ ಇರಲಿಲ್ಲ.